ಪಿಟೀಲು ಪಾಠ: ಎದುರಿಗೆ ಕೂತು ಯಾವುದು, ಫೋನಿನಲ್ಲಿ ಯಾವುದು?

ಬೋಧನಾಭ್ಯಾಸದ ಮೂರನೆಯ ವಾರ ಅಂಕೋಲಾ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಗೆ ‘ಶಬ್ದ’ ಘಟಕವನ್ನು ಬೋಧಿಸುವ ಸರದಿ ನನ್ನದಾಗಿತ್ತು. ಆವೃತ್ತಿ ಹೆಚ್ಚಿದಂತೆ ಸ್ಥಾಯಿ ಏರುತ್ತದೆ ಎಂಬುದನ್ನು ರಬ್ಬರ್ ಬ್ಯಾಂಡಿನಲ್ಲೂ ತೋರಿಸಬಹುದಿತ್ತು. ನಾನು ಬೋಧನೋಪಕರಣವಾಗಿ ನನ್ನ ಪಿಟೀಲನ್ನೇ ಕೊಂಡೊಯ್ದೆ. ತಂತಿಯ ಮೇಲೆ ಬೆರಳು ಮುಂದೆ ಸರಿದಂತೆ ದನಿ ಏರುವುದನ್ನು ಮಕ್ಕಳು ಕಣ್ಣಿನಿಂದ ನೋಡಿದರು, ಕಿವಿಯಿಂದ ಕೇಳಿದರು. ಪಾಠ ಚೆನ್ನಾಗಿ ಆಯಿತೆಂದು ವೀಕ್ಷಣಾ ಪಟ್ಟಿಯಲ್ಲಿ ಬರೆದಿತ್ತು.

ಆ ಶನಿವಾರ ಶಾಲೆಯ ಗೇಟಿನ ಬಳಿ ಒಬ್ಬ ತಾಯಿ ನನಗಾಗಿ ಕಾಯುತ್ತಿದ್ದರು. “ಅಕ್ಕೋರೆ, ನಮ್ಮ ಮಗಳು ಪಿಟೀಲು ಕಲಿಬೇಕು ಅಂತ ಹಟ ಮಾಡ್ತದೆ. ಫೋನಿನ ಮೇಲೇ ಕಲಿಸ್ತಾರಂತಲ್ಲ, ಕಲಿಯೂಕಾಗ್ತದ್ಯಾ?” ಬಸ್ಸಿಗೆ ಹೊತ್ತಾಗಿತ್ತು. “ಆಗ್ತದೆ, ಈಗ ಎಲ್ಲಾ ಆನ್‌ಲೈನೇ ಅಲ್ವಾ” ಎಂದು ಹೇಳಿ ಹೊರಟೆ.

ಎರಡು ವಾರದ ಮೇಲೆ ಆ ಹುಡುಗಿ ಪೆಟ್ಟಿಗೆಯನ್ನು ಶಾಲೆಗೇ ತಂದಳು. ಮಾವ ಆನ್‌ಲೈನಿನಲ್ಲಿ ತರಿಸಿಕೊಟ್ಟ ಹೊಸ ಪಿಟೀಲು. ಸಾಗಣೆಯಲ್ಲಿ ಮುರಿಯಬಾರದೆಂದು ಕುದುರೆಯನ್ನು, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡನ್ನು, ಬಿಚ್ಚಿಟ್ಟು ಕಳಿಸಿರುತ್ತಾರೆ. ಅವಳು ವಿಡಿಯೋ ನೋಡಿ ಅದನ್ನು ತಾನೇ ನಿಲ್ಲಿಸಿದ್ದಳು, ಆದರೆ ತಿರುಗುಮುರುಗಾಗಿ. ದಪ್ಪ ತಂತಿಯ ಕೆಳಗೆ ಇರಬೇಕಾದ ಎತ್ತರದ ಬದಿ ತೆಳು ತಂತಿಯ ಕೆಳಗೆ ಬಂದಿತ್ತು. ಬಿರಡೆ ತಿರುಗಿಸುವಾಗ ತೆಳು ತಂತಿ ಹರಿದಿತ್ತು. ಮೂರು ತಿಂಗಳ ಶುಲ್ಕ ಮೊದಲೇ ಕಟ್ಟಿಯಾಗಿತ್ತು. “ನಂಗೆ ಬರೂದಿಲ್ಲ ಅಕ್ಕೋರೆ” ಎಂದಳು. ಅವಳಿಗೆ ಬಾರದೆ ಹೋದದ್ದು ಸಂಗೀತವಲ್ಲ. ನನ್ನ ಉತ್ತರದಲ್ಲೇ ತಪ್ಪಿತ್ತು. ಅಂದು ಗೇಟಿನ ಬಳಿ ಕೊಡಬೇಕಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಪಿಟೀಲು ಶಿಕ್ಷಕಿಯಲ್ಲ, ಎಂಟು ವರ್ಷಗಳಿಂದ ಹಿಂದೂಸ್ತಾನಿ ಪದ್ಧತಿಯಲ್ಲಿ ಕಲಿಯುತ್ತಿರುವ ವಿದ್ಯಾರ್ಥಿನಿ. ಆದರೆ ಈ ಪ್ರಶ್ನೆ ಕೌಶಲ ಕಲಿಸುವ ಎಲ್ಲರದ್ದೂ ಹೌದು.

ಪಿಟೀಲಿನ ಕಲಿಕೆ ಯಾಕೆ ಬೇರೆ

ನಮ್ಮ ಕಡೆ ಭಜನೆ ಇರುವಲ್ಲೆಲ್ಲ ಹಾರ್ಮೋನಿಯಂ ಇದೆ. ಹಾರ್ಮೋನಿಯಂನಲ್ಲಿ ಗಾಂಧಾರದ ಮನೆ ಒತ್ತಿದರೆ ಗಾಂಧಾರವೇ ಬರುತ್ತದೆ, ಒತ್ತಿದವರು ಹೊಸಬರಾದರೂ ಸರಿ. ವೀಣೆ, ಸಿತಾರುಗಳಿಗೆ ಮೆಟ್ಟಿಲುಗಳಿವೆ. ಪಿಟೀಲಿನ ಬೆರಳುಹಲಗೆ ಬರಿದು. ಸ್ವರ ಎಲ್ಲಿದೆ ಎಂದು ತೋರಿಸುವ ಗೆರೆಯೂ ಅದರ ಮೇಲಿಲ್ಲ.

ಇದನ್ನು ಲೆಕ್ಕದಲ್ಲಿ ನೋಡೋಣ. ಪೂರ್ಣ ಅಳತೆಯ ಪಿಟೀಲಿನಲ್ಲಿ ಕಂಪಿಸುವ ತಂತಿಯ ಉದ್ದ ಸುಮಾರು 33 ಸೆಂ.ಮೀ. ಬಿಗಿತ ಬದಲಾಗದಿದ್ದರೆ ಆವೃತ್ತಿಯು ಉದ್ದಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ಅರ್ಧ ಸ್ವರದ ಅಂತರವನ್ನು ನೂರು ಸಮಪಾಲು ಮಾಡಿ ಒಂದು ಪಾಲಿಗೆ ‘ಸೆಂಟ್’ ಎನ್ನುತ್ತಾರೆ. ಮೊದಲ ಬೆರಳಿನ ಜಾಗದಲ್ಲಿ ಬೆರಳು 1 ಮಿ.ಮೀ. ಸರಿದರೆ ಸ್ವರ ಸುಮಾರು 6 ಸೆಂಟ್ ಸರಿಯುತ್ತದೆ. ತಂತಿಯ ನಡುವಿನಲ್ಲಿ, ತಾರ ಸಪ್ತಕದ ಜಾಗದಲ್ಲಿ, ಅದೇ 1 ಮಿ.ಮೀ. ಸುಮಾರು 10 ಸೆಂಟ್ ಆಗುತ್ತದೆ. ಹೊಸಬರ ಬೆರಳು ಎರಡು ಮೂರು ಮಿ.ಮೀ. ಆಚೀಚೆ ಬೀಳುವುದು ಸಹಜ. ಹಿಂದೆ ತಾನ್‌ಪುರ ನುಡಿಯುತ್ತಿದ್ದರೆ ಕಲಿತ ಕಿವಿಗೆ ಅದು ತಕ್ಷಣ ಚುಚ್ಚುತ್ತದೆ. ಕಲಿಯುವ ಕಿವಿಗೆ ಇನ್ನೂ ಚುಚ್ಚುವುದಿಲ್ಲ.

ತೊಡಕು ಇಲ್ಲೇ ಇದೆ. ತಪ್ಪನ್ನು ತಿದ್ದಿಕೊಳ್ಳಲು ಕಿವಿ ಬೇಕು, ಆ ಕಿವಿ ತಯಾರಾಗುವುದು ತಪ್ಪು ತಿದ್ದಿಸಿಕೊಂಡಾಗ. ನಡುವಿನ ಈ ಅವಧಿಯಲ್ಲಿ ಕಲಿಯುವವರಿಗೆ ಇನ್ನೊಬ್ಬರ ಕಿವಿ ಬೇಕಾಗುತ್ತದೆ.

ಬಲಗೈಯದು ಇನ್ನೊಂದು ಕಥೆ. ಕಮಾನು ತಂತಿಗೆ ಲಂಬವಾಗಿ, ಕುದುರೆ ಮತ್ತು ಬೆರಳುಹಲಗೆಯ ತುದಿಯ ನಡುವೆ ಒಂದೇ ದಾರಿಯಲ್ಲಿ ಸಾಗಬೇಕು. ಅದಕ್ಕೆ ಭುಜ, ಮೊಣಕೈ, ಮಣಿಕಟ್ಟು ಮೂರೂ ಹದವಾಗಿ ಬಾಗಬೇಕು. ನನ್ನ ಗುರುಗಳು ಮೊದಲ ದಿನ ಬಾಯಲ್ಲಿ ಏನೂ ವಿವರಿಸಲಿಲ್ಲ. ನನ್ನ ಹಿಂದೆ ಕೂತು, ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟು ಇಪ್ಪತ್ತು ಸಲ ಕಮಾನು ಎಳೆಸಿದರು. ಯಕ್ಷಗಾನ ಕಲಿಸುವವರು ಮಗುವಿನ ಭುಜ ಹಿಡಿದು ನಿಲುವು ತಿದ್ದುವುದನ್ನು ನೀವೂ ನೋಡಿರಬಹುದು. ಮಾತಿನಲ್ಲಿ ಹೇಳಲಾಗದ್ದನ್ನು ಕೈ ಕೈಗೆ ಹೇಳುತ್ತದೆ.

ಫೋನು ಏನನ್ನು ದಾಟಿಸುವುದಿಲ್ಲ

2020ರಲ್ಲಿ ಲಾಕ್‌ಡೌನ್ ಬಂದಾಗ ಕಾರವಾರದಲ್ಲಿ ಭಾನುವಾರ ನಡೆಯುತ್ತಿದ್ದ ನನ್ನ ಪಾಠ ಫೋನಿಗೆ ಬಂತು. ಎಂಟು ತಿಂಗಳು ಹಾಗೆಯೇ ಕಲಿತೆ. ಹೊಸ ರಾಗಗಳನ್ನು ಕಲಿತೆ, ಗುರುಗಳೂ ಸಮಾಧಾನಪಟ್ಟಿದ್ದರು. ಮತ್ತೆ ಎದುರಿಗೆ ಕೂತ ಮೊದಲ ದಿನ ಐದೇ ನಿಮಿಷದಲ್ಲಿ ನಿಲ್ಲಿಸಿದರು. ನನ್ನ ಮಣಿಕಟ್ಟು ಕಟ್ಟಿಗೆಯಂತೆ ಬಿಗಿದಿತ್ತು, ಕಮಾನು ಬೆರಳುಹಲಗೆಯ ಕಡೆಗೆ ಜಾರುತ್ತಿತ್ತು. ಅದನ್ನು ಬಿಡಿಸಿಕೊಳ್ಳಲು ನಾಲ್ಕು ತಿಂಗಳು ಬೇಕಾಯಿತು. ತಪ್ಪು ಗುರುಗಳದಲ್ಲ, ಪರದೆಯಲ್ಲಿ ಅದು ಅವರಿಗೆ ಕಂಡೇ ಇರಲಿಲ್ಲ. ಯಾಕೆ ಕಾಣಲಿಲ್ಲ ಎಂದು ಆಮೇಲೆ ಯೋಚಿಸಿದಾಗ ನಾಲ್ಕು ಕಾರಣಗಳು ಹೊಳೆದವು.

ಮೊದಲನೆಯದು ಆಳ. ಎದುರಿಗಿಟ್ಟ ಕ್ಯಾಮೆರಾಕ್ಕೆ ಕಮಾನು ಮೇಲೆ ಕೆಳಗೆ ಹೋಗುವುದು ಕಾಣುತ್ತದೆ, ಹಿಂದೆ ಮುಂದೆ ವಾಲುವುದು ಅಷ್ಟಾಗಿ ಕಾಣುವುದಿಲ್ಲ. ಗುರುಗಳು ಎದುರಿಗಿದ್ದರೆ ತಲೆ ಸ್ವಲ್ಪ ಓರೆ ಮಾಡಿ ನೋಡಿಬಿಡುತ್ತಾರೆ.

ಎರಡನೆಯದು ಸ್ಪರ್ಶ. ಬಿಗಿತ ಕಣ್ಣಿಗೆ ಕಾಣುವ ಮೊದಲೇ ಕೈಗೆ ತಿಳಿಯುತ್ತದೆ.

ಮೂರನೆಯದು ಧ್ವನಿ. ಕರೆ ಮಾಡುವ ಆ್ಯಪ್‌ಗಳನ್ನು ಮಾತಿಗಾಗಿ ಮಾಡಿದ್ದಾರೆ. ಒಂದೇ ಸಮನೆ ಬರುವ ಸದ್ದನ್ನು ಅವು ಫ್ಯಾನಿನ ಸದ್ದೆಂದು ತಿಳಿದು ತಗ್ಗಿಸುತ್ತವೆ. ತಾನ್‌ಪುರ ಮಾಯವಾಗುತ್ತದೆ, ಉದ್ದಕ್ಕೆ ಎಳೆದ ಷಡ್ಜ ನಡುವೆ ಕರಗುತ್ತದೆ. ಕೆಲವು ಆ್ಯಪ್‌ಗಳಲ್ಲಿ ‘ಒರಿಜಿನಲ್ ಸೌಂಡ್’ ಎಂಬ ಆಯ್ಕೆ ಇದೆ. ಅದನ್ನು ಹಾಕಿಕೊಳ್ಳಬೇಕೆಂದು ನನಗೆ ಗೊತ್ತಾದದ್ದು ಐದನೆಯ ತಿಂಗಳಲ್ಲಿ. ಚಿಕ್ಕ ಸ್ಪೀಕರಿನಲ್ಲಿ ಮಂದ್ರದ ತಂತಿಯ ತುಂಬುದನಿಯೂ ತೆಳುವಾಗುತ್ತದೆ. ಇಯರ್‌ಫೋನ್ ಹಾಕಿದರೆ ಅಷ್ಟರಮಟ್ಟಿಗೆ ಸುಧಾರಣೆ.

ನಾಲ್ಕನೆಯದು ವಿಳಂಬ. ಕೋಣೆಯಲ್ಲಿ ಗುರುಗಳು 2 ಮೀಟರ್ ದೂರದಲ್ಲಿದ್ದರೆ, ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಶಬ್ದ ನನ್ನನ್ನು ತಲುಪಲು 6 ಮಿಲಿಸೆಕೆಂಡ್ ಸಾಕು. ಫೋನಿನಲ್ಲಿ ಒಂದು ದಿಕ್ಕಿಗೆ 150 ಮಿಲಿಸೆಕೆಂಡ್ ತಡವಾಗುತ್ತದೆ ಎಂದಿಟ್ಟುಕೊಳ್ಳಿ. ಅದು ಗುರುಗಳು 51 ಮೀಟರ್ ದೂರದಲ್ಲಿ, ಶಾಲೆಯ ಮೈದಾನದ ಆ ತುದಿಯಲ್ಲಿ ಕೂತಂತೆ. ಅವರ ಸ್ವರ ನನಗೆ 150 ತಡವಾಗಿ ಬರುತ್ತದೆ, ನನ್ನದು ಮರಳಲು ಇನ್ನೊಂದು 150. ನಿಮಿಷಕ್ಕೆ 60 ಮಾತ್ರೆಯ ಲಯದಲ್ಲಿ ಮಾತ್ರೆಗೆ ನಾಲ್ಕು ಸ್ವರ ನುಡಿಸಿದರೆ ಒಂದು ಸ್ವರದ ಕಾಲ 250 ಮಿಲಿಸೆಕೆಂಡ್. ಅಂದರೆ ಗುರುಗಳ ಕಿವಿಗೆ ನಾನು ಯಾವಾಗಲೂ ಒಂದು ಸ್ವರಕ್ಕಿಂತ ಹೆಚ್ಚು ಹಿಂದೆ. ಹಾಗಾಗಿ ಫೋನಿನಲ್ಲಿ ಜೊತೆಯಾಗಿ ನುಡಿಸಲಾಗದು, ಒಬ್ಬರಾದ ಮೇಲೆ ಒಬ್ಬರು ನುಡಿಸಬೇಕು. ಗುರುವಿನ ನಾದದೊಳಗೆ ತನ್ನ ನಾದವನ್ನು ಸೇರಿಸಿ ಶ್ರುತಿ ಹಿಡಿಯುವ ಅಭ್ಯಾಸ ಅಲ್ಲಿ ತಪ್ಪಿಹೋಗುತ್ತದೆ.

ಫೋನು ಏನನ್ನು ಕೊಡುತ್ತದೆ

ಇಷ್ಟು ಹೇಳಿ ನಿಲ್ಲಿಸಿದರೆ ಅದೂ ಅರ್ಧ ಉತ್ತರವೇ. ಎದುರಿಗೆ ಕೂತಾಗ ಗುರುಗಳು ನುಡಿಸಿದ್ದು ಗಾಳಿಯಲ್ಲಿ ಕರಗುತ್ತದೆ. ಫೋನಿನಲ್ಲಿ ಅದು ಉಳಿಯುತ್ತದೆ. ಭೂಪಾಲಿಯ ಒಂದು ಚಿಕ್ಕ ಆಲಾಪವನ್ನು ನಾನು ಮೂವತ್ತು ಸಲ ಕೇಳಿದ್ದು ಧ್ವನಿಮುದ್ರಣದಿಂದಾಗಿಯೇ. ನನ್ನದೇ ನುಡಿಸಾಣಿಕೆಯನ್ನು ಮರುದಿನ ಕೇಳಿದಾಗ, ನುಡಿಸುವಾಗ ಕೇಳದ ಅಪಸ್ವರ ಕೇಳಿಸಿತು. ನುಡಿಸುವಾಗ ಮನಸ್ಸು ಬೆರಳಿನಲ್ಲಿರುತ್ತದೆ, ಕೇಳುವಾಗ ಕಿವಿಯಲ್ಲಿರುತ್ತದೆ.

ಇನ್ನೊಂದು ಲಾಭ ಅಂತರದ್ದು. ವಾರಕ್ಕೊಂದು ಪಾಠವಿದ್ದರೆ ತಪ್ಪು ಅಭ್ಯಾಸ ಏಳು ದಿನ ಬೆಳೆಯುತ್ತದೆ. ಬುಧವಾರ ಎರಡು ನಿಮಿಷದ ವಿಡಿಯೋ ಕಳಿಸಿ “ಮೂರನೇ ಬೆರಳು ಮೇಲಾಯ್ತು” ಎಂಬ ಒಂದು ಸಾಲಿನ ಉತ್ತರ ಪಡೆದರೆ ಅದು ಮೂರು ದಿನಕ್ಕೆ ಇಳಿಯುತ್ತದೆ. ಹಾಗಾಗಿ ‘ಆನ್‌ಲೈನೋ ಎದುರಿಗೋ’ ಎಂಬ ಪ್ರಶ್ನೆಯ ಒಳಗಿರುವ ನಿಜವಾದ ಪ್ರಶ್ನೆ ಇದು: ತಪ್ಪಾದ ಎಷ್ಟು ಹೊತ್ತಿಗೆ, ಯಾವ ದಾರಿಯಿಂದ, ಹಿಮ್ಮಾಹಿತಿ ಮಗುವನ್ನು ತಲುಪುತ್ತದೆ?

ನಮ್ಮ ಊರಿನ ಲೆಕ್ಕ

ಎದುರಿಗೆ ಕಲಿಯುವುದು ಒಳ್ಳೆಯದೆಂದು ಬೆಂಗಳೂರು, ಮೈಸೂರುಗಳಲ್ಲಿ ಹೇಳುವುದು ಸುಲಭ. ಇಲ್ಲಿ ಅಂಕೋಲೆಯಿಂದ ಕಾರವಾರಕ್ಕೆ ಸುಮಾರು 35 ಕಿ.ಮೀ., ಬಸ್ಸಿನಲ್ಲಿ ಹೋಗಲು ಒಂದು ತಾಸು, ಬರಲು ಒಂದು ತಾಸು. 2024ರ ಮಳೆಗಾಲವನ್ನು ನಾವ್ಯಾರೂ ಮರೆತಿಲ್ಲ. ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಜೀವಗಳು ಹೋದವು, ಕುಮಟಾ ಕಡೆಯ ದಾರಿ ಮುಚ್ಚಿತು. ಆಗಸ್ಟ್ 7ರ ನಸುಕಿನಲ್ಲಿ ಕಾರವಾರ ಮತ್ತು ಸದಾಶಿವಗಡದ ನಡುವೆ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಅಂಥ ದಿನಗಳಲ್ಲಿ ಮಗಳನ್ನು ಪಿಟೀಲು ಪಾಠಕ್ಕೆ ಕಳಿಸಲಿಲ್ಲವೆಂದು ಯಾವ ತಾಯಿಯನ್ನೂ ದೂರಲಾಗದು.

ಯಾವ ಪದ್ಧತಿಯ ಗುರುಗಳು ಸಿಗುತ್ತಾರೆ ಎಂಬುದೂ ಊರಿನ ಮೇಲೆಯೇ ಇದೆ. ಕರ್ನಾಟಕ ಸಂಗೀತಕ್ಕೆ ಪಿಟೀಲನ್ನು ತಂದವರೆಂದು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರನ್ನು (1786–1858) ನೆನೆಯುತ್ತಾರೆ. ಅವರು ಮದ್ರಾಸಿನಲ್ಲಿ ಯುರೋಪಿಯನ್ ವಾದಕರೊಬ್ಬರಿಂದ ಕಲಿತವರು. ನಮ್ಮ ನೆರೆಯ ಗೋವೆಯಲ್ಲಿ ಪೋರ್ಚುಗೀಸರ ಕಾಲದ ಚರ್ಚ್ ಶಾಲೆಗಳು ಮಕ್ಕಳಿಗೆ ಪಾಶ್ಚಾತ್ಯ ಸ್ವರಲಿಪಿಯನ್ನೂ ಪಿಟೀಲನ್ನೂ ಕಲಿಸುತ್ತಿದ್ದವು. ಅಲ್ಲಿಂದ ಹೋದ ಅನೇಕರು ಮುಂಬಯಿಯ ಚಲನಚಿತ್ರ ವಾದ್ಯವೃಂದಗಳಲ್ಲಿ ನುಡಿಸಿದರು. ಪಾಶ್ಚಾತ್ಯ ಪದ್ಧತಿಯಲ್ಲಿ ವಾದ್ಯ ಗದ್ದದ ಕೆಳಗೆ ಭುಜದ ಮೇಲಿರುತ್ತದೆ. ನಮ್ಮ ಎರಡೂ ಪದ್ಧತಿಗಳಲ್ಲಿ ನೆಲದ ಮೇಲೆ ಕೂತು ವಾದ್ಯದ ತುದಿಯನ್ನು ಪಾದಕ್ಕೆ ಆನಿಸುತ್ತೇವೆ. ಹಿಡಿತ ಬೇರೆ, ಬೆರಳಿನ ಓಟ ಬೇರೆ. ಆ ಹುಡುಗಿಗೆ ಬೇಕಿದ್ದದ್ದು ಭಜನೆಯ ಹಾಡುಗಳನ್ನು ನುಡಿಸುವುದು. ಅವಳು ಸೇರಿದ್ದ ಆನ್‌ಲೈನ್ ತರಗತಿ ಪಾಶ್ಚಾತ್ಯ ಪದ್ಧತಿಯದು. ಇದನ್ನು ಸೇರುವ ಮೊದಲು ಯಾರೂ ಕೇಳಿರಲಿಲ್ಲ, ನಾನೂ ಕೇಳಲಿಲ್ಲ.

ಊರಿನಲ್ಲಿ ಪಿಟೀಲು ಗುರುಗಳಿಲ್ಲದಿದ್ದರೂ ಹಾಡು ಕಲಿಸುವವರು ಹಲವೆಡೆ ಸಿಗುತ್ತಾರೆ. ಇದು ಚಿಕ್ಕ ಅನುಕೂಲವಲ್ಲ. ಪಿಟೀಲು ಚೌಡಯ್ಯನವರ (1895–1967) ಹೆಸರು ನಮಗೆಲ್ಲ ಗೊತ್ತು. ಏಳು ತಂತಿಯ ಪಿಟೀಲು ನುಡಿಸಿದವರು, ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿದ ಸಭಾಂಗಣ ಅವರ ನೆನಪಿನದು. ಅವರ ಗುರು ಬಿಡಾರಂ ಕೃಷ್ಣಪ್ಪನವರು ಹಾಡುಗಾರರು. ಹಿಂದೂಸ್ತಾನಿಯಲ್ಲಿ ಪಿಟೀಲನ್ನು ಹಾಡಿನಂತೆ ನುಡಿಸುವುದಕ್ಕೆ ಹೆಸರಾದ ಎನ್. ರಾಜಂ ಅವರಿಗೆ ಮಾರ್ಗದರ್ಶನ ಮಾಡಿದ ಓಂಕಾರನಾಥ ಠಾಕೂರರೂ ಗಾಯಕರೇ. ಕಿವಿಯನ್ನು ಹಾಡಿನ ಗುರುಗಳೂ ತಯಾರು ಮಾಡಬಲ್ಲರು ಎಂಬುದು ಇದರಿಂದ ತಿಳಿಯುತ್ತದೆ. ಸ್ವರವನ್ನು ಗಂಟಲಲ್ಲಿ ಹಿಡಿದ ಮಗುವಿಗೆ ಬೆರಳು ತಪ್ಪಿದ್ದು ಬೇಗ ತಿಳಿಯುತ್ತದೆ.

ಹಂತಕ್ಕೆ ತಕ್ಕ ಮಾಧ್ಯಮ

ಮನೋಚಾಲಕ ವಲಯಕ್ಕೆ ಆರ್. ಎಚ್. ದವೆ ಅವರು 1970ರಲ್ಲಿ ಕೊಟ್ಟ ಐದು ಹಂತಗಳನ್ನು ನಾವು ಪರೀಕ್ಷೆಗಾಗಿ ಓದಿದ್ದೇವೆ: ಅನುಕರಣೆ, ಕುಶಲ ಬಳಕೆ, ನಿಖರತೆ, ಸಂಯೋಜನೆ, ಸಹಜೀಕರಣ. ಪಿಟೀಲು ಪಾಠಕ್ಕೆ ಇದನ್ನು ಹಚ್ಚಿ ನೋಡಿದರೆ ನನ್ನ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಅನುಕರಣೆ ಮತ್ತು ಕುಶಲ ಬಳಕೆಯ ಹಂತದಲ್ಲಿ, ಅಂದರೆ ಕೂರುವ ಭಂಗಿ, ಹಿಡಿತ, ಖಾಲಿ ತಂತಿಯ ಮೇಲೆ ಕಮಾನು, ಮೊದಲ ಅಲಂಕಾರಗಳ ತನಕ, ಗುರುಗಳು ಎದುರಿಗೇ ಇರಬೇಕು. ದಿನವೂ ಆಗದಿದ್ದರೆ ಹದಿನೈದು ದಿನಕ್ಕೊಮ್ಮೆಯಾದರೂ ಆಗಬೇಕು. ವಾದ್ಯ ಕೊಳ್ಳುವುದು, ಕುದುರೆ ನಿಲ್ಲಿಸುವುದು, ಮಗುವಿನ ತೋಳಿಗೆ ಮುಕ್ಕಾಲು ಅಳತೆಯೋ ಪೂರ್ಣ ಅಳತೆಯೋ ಎಂದು ನೋಡುವುದು ಇದೇ ಹಂತಕ್ಕೆ ಸೇರಿದ್ದು.

ನಿಖರತೆಯ ಹಂತದಲ್ಲಿ ಎರಡೂ ಬೇಕು. ಶ್ರುತಿಯನ್ನು ಹತ್ತಿರದ ಹಾಡಿನ ಗುರುಗಳು ತಿದ್ದಬಹುದು, ಕೈಯನ್ನು ತಿಂಗಳಿಗೊಮ್ಮೆ ಪಿಟೀಲು ಗುರುಗಳು ನೋಡಬಹುದು, ನಡುವಿನ ವಾರಗಳನ್ನು ಫೋನು ತುಂಬಬಹುದು. ಸಂಯೋಜನೆ ಮತ್ತು ಸಹಜೀಕರಣದ ಹಂತ ತಲುಪಿದವರು ರಾಗ, ಬಂದಿಶ್‌ಗಳನ್ನು ದೂರದ ಗುರುಗಳಿಂದ ಧಾರಾಳವಾಗಿ ಫೋನಿನಲ್ಲೇ ಕಲಿಯಬಹುದು. ಅಷ್ಟು ಹೊತ್ತಿಗೆ ತಪ್ಪನ್ನು ಹಿಡಿಯುವ ಕಿವಿ ಅವರ ಬಳಿಯೇ ಇರುತ್ತದೆ.

ಫೋನಿನ ಪಾಠವನ್ನು ನಡೆಸುವ ಕ್ರಮಕ್ಕೆ ನಮ್ಮ ಸೂಕ್ಷ್ಮ ಬೋಧನೆಯೇ ಒಳ್ಳೆಯ ಮಾದರಿ. ಬೋಧನೆ 6 ನಿಮಿಷ, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರುಹಿಮ್ಮಾಹಿತಿ 6. ಒಟ್ಟು 36 ನಿಮಿಷದ ಚಕ್ರ. ನಾನೀಗ ಗುರುಗಳೊಡನೆ ಹೀಗೇ ಕಲಿಯುತ್ತೇನೆ. ಒಂದೇ ಅಂಶವನ್ನು ಆರು ನಿಮಿಷ ನುಡಿಸುತ್ತೇನೆ, ಅವರು ಹೇಳುತ್ತಾರೆ, ಕರೆ ಕಡಿದು ಹನ್ನೆರಡು ನಿಮಿಷ ಒಬ್ಬಳೇ ತಿದ್ದಿಕೊಳ್ಳುತ್ತೇನೆ, ಮತ್ತೆ ಕರೆ ಮಾಡಿ ನುಡಿಸುತ್ತೇನೆ. ಕ್ಯಾಮೆರಾವನ್ನು ಮೊದಲ ಸಲ ಎದುರಿಗೆ, ಎರಡನೆಯ ಸಲ ಬಲಬದಿಗೆ ಇಡುತ್ತೇನೆ. ನಡುವಿನ ಆ ಹನ್ನೆರಡು ನಿಮಿಷದಲ್ಲಿ ಆಗುವ ಕಲಿಕೆ ಗಂಟೆಗಟ್ಟಲೆ ಕರೆಯಲ್ಲಿ ಆಗುತ್ತಿರಲಿಲ್ಲ.

ಪಾಲಕರು ಕೇಳಿದರೆ

ಇನ್ನು ಮುಂದೆ ಗೇಟಿನ ಬಳಿ ಯಾರಾದರೂ ಕೇಳಿದರೆ ಹೇಳಬೇಕಾದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ.

1. ಮಗು ಯಾವ ಬಗೆಯ ಸಂಗೀತ ನುಡಿಸಲು ಬಯಸುತ್ತದೆ ಎಂದು ಕೇಳಿ, ಆ ಪದ್ಧತಿಯ ಗುರುಗಳನ್ನು ಹುಡುಕಿ.
2. ಗುರುಗಳನ್ನು ಕೇಳದೆ ವಾದ್ಯ ಕೊಳ್ಳಬೇಡಿ.
3. ಮೊದಲ ಕೆಲವು ಪಾಠಗಳಾದರೂ ಎದುರಿಗೇ ಆಗಲಿ. ರಜೆಯಲ್ಲಿ ಒಟ್ಟಿಗೆ ಹತ್ತು ದಿನ ಹೋಗಿ ಬರುವುದೂ ಒಂದು ದಾರಿ.
4. ಫೋನಿನ ಪಾಠವಾದರೆ ಮೊದಲು ಒಂದು ಪಾಠವನ್ನು ಮಗುವಿನ ಜೊತೆ ಕೂತು ನೋಡಿ. ಗುರುಗಳು ಹೆಚ್ಚು ಹೊತ್ತು ತಾವೇ ನುಡಿಸುತ್ತಾರೋ, ಮಗುವಿನದನ್ನು ಕೇಳುತ್ತಾರೋ ಗಮನಿಸಿ.
5. ಶುಲ್ಕವನ್ನು ತಿಂಗಳ ಲೆಕ್ಕದಲ್ಲಿ ಕೊಡಿ.
6. ಹತ್ತಿರದಲ್ಲಿ ಹಾಡು ಕಲಿಸುವವರಿದ್ದರೆ ಅಲ್ಲಿಗೂ ಕಳಿಸಿ.

ನಮ್ಮ ತರಗತಿಗೆ

ಹಿಮ್ಮಾಹಿತಿ ತಡವಾದರೆ ತಪ್ಪು ಬೇರು ಬಿಡುತ್ತದೆ ಎಂದು ಇಷ್ಟು ಬರೆದ ನಾನು ಅದೇ ತಿಂಗಳು ತರಗತಿಯಲ್ಲಿ ಏನು ಮಾಡಿದ್ದೆ? ಲೋಲಕದ ಚಿತ್ರ ಬರೆದು ಪಾರವನ್ನು ಗುರುತಿಸುವ ಕೆಲಸ ಕೊಟ್ಟಿದ್ದೆ. ನೋಟ್‌ಬುಕ್ಕುಗಳನ್ನು ಮನೆಗೆ ಒಯ್ದು, ಎಂಟು ದಿನ ಬಿಟ್ಟು, ಕೆಂಪು ಶಾಯಿಯಲ್ಲಿ ತಿದ್ದಿ ಹಿಂತಿರುಗಿಸಿದೆ. ಹದಿನಾಲ್ಕು ಮಕ್ಕಳು ಮಧ್ಯ ಸ್ಥಾನದಿಂದ ಅಳೆಯುವ ಬದಲು ಒಂದು ತುದಿಯಿಂದ ಇನ್ನೊಂದು ತುದಿಗೆ ಅಳೆದಿದ್ದರು. ಆ ಎಂಟು ದಿನ ಅವರು ಅದನ್ನೇ ಸರಿಯೆಂದು ತಿಳಿದಿದ್ದರು, ಘಟಕ ಪರೀಕ್ಷೆಯಲ್ಲೂ ಕೆಲವರು ಹಾಗೆಯೇ ಬರೆದರು. 150 ಮಿಲಿಸೆಕೆಂಡಿನ ವಿಳಂಬಕ್ಕೆ ಫೋನನ್ನು ದೂರುವ ನಾನು ಎಂಟು ದಿನದ ವಿಳಂಬವನ್ನು ತಿದ್ದುವಿಕೆ ಎಂದು ಕರೆದಿದ್ದೆ. ಮುಂದಿನ ಪಾಠದಿಂದ ಮಕ್ಕಳು ಬರೆಯುತ್ತಿರುವಾಗಲೇ ಬೆಂಚುಗಳ ನಡುವೆ ಓಡಾಡಿ ನೋಡತೊಡಗಿದೆ. ಎಲ್ಲರನ್ನೂ ಮುಟ್ಟಲಾಗುವುದಿಲ್ಲ. ಆದರೆ ಮೊದಲ ಐದು ನೋಟ್‌ಬುಕ್ಕಿನಲ್ಲೇ ತರಗತಿಯ ತಪ್ಪು ಗೊತ್ತಾಗುತ್ತದೆ, ಆಗಲೇ ಕಪ್ಪುಹಲಗೆಗೆ ಮರಳಬಹುದು.

ಆ ಹುಡುಗಿಯ ಪಿಟೀಲಿಗೆ ಕುದುರೆ ಸರಿಯಾಗಿ ನಿಲ್ಲಿಸಿ, ಹೊಸ ತಂತಿ ಹಾಕಿಕೊಟ್ಟೆ. ತಾಯಿಯ ಬಳಿ ನನ್ನ ಉತ್ತರ ತಪ್ಪಿತ್ತೆಂದು ಹೇಳಿದೆ. ಕಟ್ಟಿದ ಶುಲ್ಕ ಮರಳಿ ಬರಲಿಲ್ಲ. ಈಗ ಅವಳು ಊರಿನಲ್ಲೇ ಒಬ್ಬರ ಬಳಿ ಸ್ವರ ಹಾಡಲು ಹೋಗುತ್ತಾಳೆ. ತಿಂಗಳಿಗೆ ಎರಡು ಭಾನುವಾರ ನಾನು ಕಾರವಾರಕ್ಕೆ ಹೋಗುವ ಬಸ್ಸಿಗೇ ತಾಯಿ ಮಗಳು ಹತ್ತುತ್ತಾರೆ. ಗುರುಗಳು ಅವಳಿಗಿನ್ನೂ ಖಾಲಿ ತಂತಿಯ ಮೇಲೆ ಕಮಾನು ಎಳೆಸುತ್ತಿದ್ದಾರೆ, ಹಿಂದೆ ಕೂತು, ಕೈಯ ಮೇಲೆ ಕೈಯಿಟ್ಟು. ಹಾಡು ನುಡಿಸುವ ದಿನ ಇನ್ನೂ ದೂರವಿದೆ. “ಯಾವಾಗ ಅಕ್ಕೋರೆ?” ಎಂದು ಅವಳು ಪ್ರತಿಸಲ ಬಸ್ಸಿನಲ್ಲಿ ಕೇಳುತ್ತಾಳೆ. ಈ ಸಲ ನಾನು ಅವಸರದಲ್ಲಿ ಉತ್ತರ ಕೊಡುವುದಿಲ್ಲ.